ಸಿವಿಎಸ್ ಮಾಡಿಸುವುದಾ, ಆಮ್ನಿಯೊ ಮಾಡಿಸುವುದಾ?

ಕಲಬುರಗಿಯಲ್ಲಿರುವ ನನ್ನ ತಂಗಿ ಮದುವೆಯಾಗಿದ್ದು ಸೋದರಮಾವನ ಮಗನನ್ನೇ. ಇಬ್ಬರೂ ಥಲಸೀಮಿಯಾ ಎಂಬ ರಕ್ತದ ಕಾಯಿಲೆಯ ಕ್ಯಾರಿಯರ್, ಅಂದರೆ ದೋಷದ ಜೀನ್ ಇದ್ದರೂ ತಮಗೆ ಕಾಯಿಲೆ ಇಲ್ಲದವರು. ಅತ್ತೆಯ ಕಣ್ಣಿಗೆ ಬೀಳದಿರಲಿ ಅಂತ ರಿಪೋರ್ಟನ್ನು ಸೀರೆಗಳ ಮಡಿಕೆಯಲ್ಲಿ ಇಟ್ಟಿದ್ದಳು. ಇಂಥ ಜೋಡಿಗೆ ಪ್ರತಿ ಬಸಿರಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25%. ಮೊದಲನೆಯದು ಚೆನ್ನಾಗಿದ್ದರೂ ಲೆಕ್ಕ ಬದಲಾಗಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಕಾಯಿಲೆ ಇದೆಯಾ ಅಂತ ನೋಡುವ ಪರೀಕ್ಷೆಗಳೇ ಸಿವಿಎಸ್ ಮತ್ತು ಆಮ್ನಿಯೊ.

ಸಿವಿಎಸ್‌ನಲ್ಲಿ ಮಾಸಿನ (ಪ್ಲಾಸೆಂಟಾದ) ಸಣ್ಣ ಚೂರು ತೆಗೆಯುತ್ತಾರೆ, ಸಾಮಾನ್ಯವಾಗಿ 11ರಿಂದ 14 ವಾರದೊಳಗೆ. ಆಮ್ನಿಯೊದಲ್ಲಿ ಮಗುವಿನ ಸುತ್ತಲಿನ ನೀರು, 15 ವಾರ ಆದ ಮೇಲೆ. ಪರೀಕ್ಷೆಯಿಂದ ಬಸಿರು ಇಳಿದುಹೋಗುವ ಅಪಾಯ ಎರಡರಲ್ಲೂ ಕಡಿಮೆ, ಆದರೆ ಇದ್ದೇ ಇದೆ.

ನನ್ನನ್ನು ಕೇಳಿದರೆ ಸಿವಿಎಸ್. ಹೊಟ್ಟೆ ಕಾಣುವ ಮುಂಚೆಯೇ ಗೊತ್ತಾಗುತ್ತದೆ. ಬಸಿರು ಮುಂದುವರಿಸಬೇಕಾ ಬೇಡ್ವಾ ಅಂತ ಗಂಡ ಹೆಂಡತಿ ಕೂತು ಮಾತಾಡಬಹುದು, ಓಣಿಯವರ ಬಾಯಿಗೆ ಬೀಳದೆ. ಗರ್ಭಪಾತ ಮಾಡಿಸಿಕೊಳ್ಳಲು 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 24 ದಾಟಿದರೆ ಮೆಡಿಕಲ್ ಬೋರ್ಡ್ ಒಪ್ಪಬೇಕು. ಯಾವ ಪರೀಕ್ಷೆಯೂ ಬೇಡ ಅನ್ನುವ ಹಕ್ಕೂ ನಿಮ್ಮದೇ.

ತಡವಾಗಿ ಗೊತ್ತಾಯಿತಾ? ಆಮ್ನಿಯೊ ಇದೆ. ಆದರೆ ಯಾವುದೇ ಆಗಲಿ, ಇಬ್ಬರ ಜೀನ್‌ನಲ್ಲಿರುವ ದೋಷ ಯಾವುದು ಅಂತ ಮೊದಲೇ ರಕ್ತದಿಂದ ಪತ್ತೆ ಮಾಡಿಸಿಡಿ. ಇಲ್ಲದಿದ್ದರೆ ಸುಮ್ನೆ ವಾರಗಳು ಹೋಗುತ್ತವೆ.

ಗಂಡೋ ಹೆಣ್ಣೋ ಹೇಳುವುದು 1994ರ ಕಾನೂನಿನಂತೆ ಅಪರಾಧ. ಅತ್ತೆ ಕೇಳಿಯೇ ಕೇಳುತ್ತಾರೆ, ಬಿಡಿ.