ದಿಶಾಂಕ್ ಆ್ಯಪ್: ಜಮೀನು ನೋಡಲು ಹೊರಟವರಿಗೆ
ಖಾಲಿ ಜಮೀನಿನ ನಡುವೆ ನಿಂತು ಕರ್ನಾಟಕ ಸರ್ವೆ ಇಲಾಖೆಯ ನಕ್ಷೆ ಆ್ಯಪ್ ದಿಶಾಂಕ್ ತೆರೆದರೆ ಸರ್ವೆ ನಂಬರ್ ಕಾಣುತ್ತದೆ. ದಲ್ಲಾಳಿ ಪಕ್ಕದ ಹೊಲ ತೋರಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾನೆ. ಇಷ್ಟಕ್ಕೇ ಆ್ಯಪ್ ಇಳಿಸಿಕೊಳ್ಳಬಹುದು, ಅದೂ ಪುಕ್ಕಟೆ. ಆದರೆ ಗಡಿಗೆರೆ ಕೆಲವು ಮೀಟರ್ ಆಚೀಚೆ ಸರಿದಿರುತ್ತದೆ: ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದು, ಜೊತೆಗೆ ಫೋನಿನ ಜಿಪಿಎಸ್ ತಪ್ಪೂ ಸೇರುತ್ತದೆ. ಇದನ್ನು ನಂಬಿ ಬೇಲಿ ಹಾಕಬೇಡಿ. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಸರ್ವೆ ಇಲಾಖೆಗೇ ಅರ್ಜಿ ಕೊಡಿ.

ನಂಬರ್ ಸಿಕ್ಕ ಮೇಲೆ ಪಹಣಿ ತೆಗೆಯಿರಿ. 3ನೇ ಕಾಲಂನಲ್ಲಿ ‘ಬಿ’ ಖರಾಬು ಇದ್ದರೆ ಅಷ್ಟು ಗುಂಟೆ ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಯದ್ದು, ಅದಕ್ಕೆ ದುಡ್ಡು ಕೊಡಬೇಡಿ. 11ನೇ ಕಾಲಂನಲ್ಲಿ ಸಾಲ, ಋಣ ನೋಡಿ. ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಸರ್ವೆ ಇಲಾಖೆ ಕೊಡುವ 11ಇ ನಕ್ಷೆ ಬೇಕು. ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆಯ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಅನುಮತಿಯಿಲ್ಲದೆ ಮಾರುವುದನ್ನು ತಡೆಯುವ ಕಾನೂನು) ತೊಡಕಿದೆಯೇ ಎಂಬುದನ್ನು ಈ ಆ್ಯಪ್ ಹೇಳುವುದಿಲ್ಲ.