ನಮ್ಮ ಕಾಲೇಜಿನ ಹೊಸ ಫುಟ್‌ಬಾಲ್ ಕೋಚಿಂಗ್ ಹೇಗಿದೆ?

ಐದಕ್ಕೆ ಮೂರೂವರೆ ಕೊಡುತ್ತೇನೆ. ಈ ವರ್ಷ ತಂಡ ಗೆದ್ದದ್ದು ಕಡಿಮೆ, ಸೋತದ್ದೇ ಹೆಚ್ಚು. ಧಾರವಾಡದ ಅಂತರ್ ಕಾಲೇಜು ಪಂದ್ಯಾವಳಿಯಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದೆವು. ಹಾಗಿದ್ದೂ ಇಷ್ಟು ಅಂಕ ಯಾಕೆ ಎಂದು ಕೇಳುವವರು ಕಾರವಾರದಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿಯೇ ಬರೆಯುತ್ತಿದ್ದೇನೆ. ಇದೇ ತಂಡಕ್ಕೆ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಡಿಫೆಂಡರ್ ಆಗಿ ಆಡಿದವನು ನಾನು. ಕೋಚ್ ಸಂಬಳಕ್ಕೆ ದುಡ್ಡು ಹಾಕಿದ ಹಳೆ ವಿದ್ಯಾರ್ಥಿಗಳಲ್ಲಿ ಒಬ್ಬ. ಕೋಡಿಬಾಗದ ನನ್ನ ಅಂಗಡಿಗೆ ಬಂದು "ದುಡ್ಡು ನೀರಿಗೆ ಹಾಕಿದಿರಿ ಮಾರಾಯ್ರೆ" ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಮೊದಲು ನಾವು ಆಡುತ್ತಿದ್ದ ಆಟ ನೆನಪು ಮಾಡಿಕೊಳ್ಳಿ. ಗೋಲಿ, ಅಂದರೆ ಗೋಲ್‌ಕೀಪರ್ ಕೈಗೆ ಚೆಂಡು ಸಿಕ್ಕಿತೋ, ಎತ್ತಿ ಒದೆಯುವುದು. ಮುಂದೆ ನಿಂತ ಎತ್ತರದ ಹುಡುಗ ತಲೆ ಕೊಡುವುದು, ಉಳಿದವರು ಹಿಂದೆ ಓಡುವುದು. ಮಳೆಗಾಲದ ಕೆಸರಿನಲ್ಲಿ ಅದು ನಡೆಯುತ್ತದೆ. ಗೋವಾದ ಮಡಗಾಂವ ಕಡೆಯ ತಂಡ ಎದುರು ನಿಂತರೆ ಅರ್ಧ ಗಂಟೆಯಲ್ಲಿ ನಮ್ಮವರಿಗೆ ಏದುಸಿರು, ಚೆಂಡೆಲ್ಲ ಅವರ ಕಾಲಲ್ಲಿ.

ಹೊಸ ಕೋಚ್ ಗೋವಾದ ಕಾಣಕೋಣದವರು. ಬಂದವರೇ ಬದಲಿಸಿದ್ದು ಗೋಲ್ ಕಿಕ್ಕನ್ನು, ಅಂದರೆ ಎದುರಿನವರು ಒದ್ದ ಚೆಂಡು ಗೋಲಿನ ಪಕ್ಕದಿಂದ ಹೊರಹೋದಾಗ ನಮ್ಮವರು ಗೋಲಿನ ಎದುರಿನಿಂದ ಮತ್ತೆ ಆಟ ಶುರು ಮಾಡುವ ಒದೆತವನ್ನು. ಮೊದಲೆಲ್ಲ ಗೋಲ್ ಕಿಕ್ ಗೋಲಿನ ಎದುರು ಗೆರೆ ಎಳೆದ ಪೆನಾಲ್ಟಿ ಏರಿಯಾ ದಾಟಲೇಬೇಕಿತ್ತು. 2019ರಲ್ಲಿ ಆ ನಿಯಮ ಹೋಯಿತು. ಈಗ ಒದ್ದ ಚೆಂಡು ಅಲುಗಿದರೆ ಸಾಕು, ಏರಿಯಾದ ಒಳಗೇ ನಿಂತ ನಮ್ಮ ಡಿಫೆಂಡರ್ ಅದನ್ನು ತೆಗೆದುಕೊಳ್ಳಬಹುದು. ಎದುರಾಳಿಗಳು ಅಲ್ಲಿಯವರೆಗೆ ಹೊರಗೇ ಇರಬೇಕು. ಇಷ್ಟು ವರ್ಷ ನಮ್ಮಲ್ಲಿ ಯಾರೂ ಇದರ ಲಾಭ ಪಡೆದಿರಲಿಲ್ಲ. ಕೋಚ್ ಇಬ್ಬರು ಡಿಫೆಂಡರ್‌ಗಳನ್ನು ಗೋಲಿಯ ಎಡಬಲಕ್ಕೆ ನಿಲ್ಲಿಸಿ, ಅಲ್ಲಿಂದಲೇ ಸಣ್ಣ ಪಾಸಿನಲ್ಲಿ ಆಟ ಕಟ್ಟಿಸಿದರು.

ಸೋಲಿನ ಮೂಲವೂ ಅಲ್ಲೇ ಇದೆ. ಎದುರಿನವರು ಮೈಮೇಲೆ ಬಂದರೆ ನಮ್ಮ ಹುಡುಗರು ಗಾಬರಿಯಾಗಿ ಗೋಲಿನ ಎದುರೇ ಚೆಂಡು ಕಳೆದುಕೊಳ್ಳುತ್ತಿದ್ದರು. ಮೊದಮೊದಲು ತಿಂದ ಗೋಲುಗಳಲ್ಲಿ ಹೆಚ್ಚಿನವು ಇಂಥವು. ಗ್ಯಾಲರಿಯಿಂದ "ಒದಿಯೋ, ಒದಿಯೋ" ಎಂದು ಕೂಗು. ಕೋಚ್ ಮಾತ್ರ ಒಮ್ಮೆಯೂ ಹುಡುಗರನ್ನು ಬೈಯಲಿಲ್ಲ, ಆಟ ಬದಲಿಸಲೂ ಇಲ್ಲ. ಇಳಿತದ ಹೊತ್ತು ನೋಡಿ ಟಾಗೋರ್ ಕಡಲತೀರಕ್ಕೆ ಕರೆದೊಯ್ದು, ನೀರು ಸರಿದು ಗಟ್ಟಿಯಾದ ಮರಳಿನಲ್ಲಿ ನಾಲ್ವರನ್ನು ಸುತ್ತ ನಿಲ್ಲಿಸಿ, ನಡುವೆ ಇಬ್ಬರನ್ನು ಬಿಟ್ಟು, ಒಂದೇ ಟಚ್‌ನಲ್ಲಿ ಪಾಸ್ ಮಾಡಿಸಿದರು. ಕತ್ತಲಾಗುವವರೆಗೂ ಅದೇ.

ಫಲ ನಾನು ಕಂಡದ್ದು ಧಾರವಾಡದಲ್ಲಿ. ಹಿಂದೆಲ್ಲ ಪಂದ್ಯದ ದಿನ ಬೆಳಗಿನ ಜಾವ ಹೊರಟು, ಅರಬೈಲ್ ಘಟ್ಟದಲ್ಲಿ ವಾಂತಿ ಮಾಡಿಕೊಂಡು, ಇಳಿದ ಕೂಡಲೇ ಮೈದಾನಕ್ಕೆ ಹೋಗುತ್ತಿದ್ದೆವು. ಈ ಸಲ ಕೋಚ್ ಹಟ ಹಿಡಿದು ಹಿಂದಿನ ದಿನವೇ ಕರೆದೊಯ್ದರು. ಸೋತೆವು, 3-1. ಆದರೆ ಆ ಒಂದು ಗೋಲು! ಗೋಲಿಯಿಂದ ಬೈತಖೋಲದ ಹುಡುಗನಿಗೆ, ಅವನಿಂದ ನಡುವಿಗೆ, ಮತ್ತೆ ಹಿಂದಕ್ಕೆ, ಅಲ್ಲಿಂದ ಬಲಗಡೆಗೆ. ಕೊನೆಗೆ ಅಡ್ಡ ಬಂದ ಚೆಂಡನ್ನು ಬಲೆಗೆ ತಳ್ಳಿದ್ದಷ್ಟೇ. ಎದುರಿನವರ ಕಾಲಿಗೆ ಚೆಂಡು ತಾಗಲೇ ಇಲ್ಲ. ರೈಲು ಹತ್ತಿ ಮಡಗಾಂವದ ಫತೋರ್ಡಾ ಸ್ಟೇಡಿಯಂಗೆ ಗೋವಾದ ಡೆಂಪೊ ಕ್ಲಬ್ಬಿನ ಆಟ ನೋಡಲು ಹೋಗುತ್ತಿದ್ದವನು ನಾನು. ಕೋಚ್ ಅರ್ಮಾಂಡೊ ಕೊಲಾಸೊ ಕೈಯಲ್ಲಿ 2005ರಿಂದ 2012ರೊಳಗೆ ಐದು ಸಲ ದೇಶದ ಲೀಗ್ ಗೆದ್ದ ತಂಡ ಅದು. ನೆಲದ ಮೇಲೆ ಚೆಂಡು ಓಡಿಸುವ ಆ ಆಟವನ್ನು ನಮ್ಮ ಜೆರ್ಸಿ ತೊಟ್ಟ ಹುಡುಗರು ಆಡಿದ್ದನ್ನು ಕಂಡು ನನ್ನ ಕಣ್ಣು ತುಂಬಿತು.

ಒಂದೂವರೆ ಅಂಕ ಕಡಿದದ್ದಕ್ಕೂ ಕಾರಣ ಇದೆ. ಕಾರ್ನರ್ ಬಂದಾಗ, ಅಂದರೆ ಎದುರಿನವರು ಮೈದಾನದ ಮೂಲೆಯಿಂದ ಚೆಂಡು ಒದೆಯುವಾಗ, ಆಳಿಗೊಬ್ಬ ಆಳು ಹಿಡಿಯುವ ಬದಲು ಜಾಗ ಕಾಯುವ ಪದ್ಧತಿ ಇಟ್ಟಿದ್ದಾರೆ. ನಮ್ಮ ಹುಡುಗರ ಎತ್ತರಕ್ಕೆ ಅದು ಒಗ್ಗಲಿಲ್ಲ, ಧಾರವಾಡದ ಎರಡು ಗೋಲು ಹೀಗೇ ಬಂದವು. ಬದಲಿ ಆಟಗಾರರನ್ನು ತೀರ ತಡವಾಗಿ ಇಳಿಸುತ್ತಾರೆ. ಕೋಚ್ ಕೊಂಕಣಿಯಲ್ಲೇ ಹೇಳಿಕೊಡುವುದರಿಂದ ಹಾಸ್ಟೆಲ್‌ನಲ್ಲಿರುವ ಯಲ್ಲಾಪುರ, ಹಳಿಯಾಳ ಕಡೆಯ ಹುಡುಗರಿಗೆ ಅರ್ಧ ಮಾತು ತಿಳಿಯುವುದಿಲ್ಲ, ಪಕ್ಕದವನನ್ನು ಕೇಳಬೇಕು. ಇನ್ನು ಬೆಳಗಿನ ಆರು ಗಂಟೆಯ ಪ್ರಾಕ್ಟೀಸ್. ಬಂದರಿನಲ್ಲಿ ಮೀನು ಇಳಿಸಿ ಕಾಲೇಜಿಗೆ ಬರುವ ಹುಡುಗರು ಆ ಹೊತ್ತಿಗೆ ಹೇಗೆ ಬರಬೇಕು? ಇಬ್ಬರು ಒಳ್ಳೆಯ ಆಟಗಾರರು ಇದರಿಂದಲೇ ತಂಡ ಬಿಟ್ಟರು. ಇದು ನನಗೆ ಎಲ್ಲಕ್ಕಿಂತ ನೋವಿನ ವಿಷಯ.

ಕೋಚನ್ನು ಬದಲಿಸಬೇಡಿ, ಪ್ರಾಕ್ಟೀಸನ್ನು ಸಂಜೆಗೆ ಬದಲಿಸಿ. ಈಗಿನ ತಂಡದಲ್ಲಿ ಮೊದಲ ವರ್ಷದವರೇ ಹೆಚ್ಚು, ಇನ್ನೆರಡು ವರ್ಷ ಇವರು ಒಟ್ಟಿಗೇ ಆಡುತ್ತಾರೆ. ಅಷ್ಟೂ ಕಾಲಕ್ಕೆ ಒಪ್ಪಂದ ಮಾಡಿ, ಬೇಸಿಗೆ ರಜೆಗೆ ಮೊದಲೇ. ನನ್ನ ಪಾಲಿನ ದುಡ್ಡು ತೆಗೆದಿಟ್ಟಿದ್ದೇನೆ.