ನಕಲೇಲೆ ಬ್ಲೋಹೋಲ್ ನೋಡಲು ಹೋಗುವವರೇ, ದಯವಿಟ್ಟು ಕೆಳಗೆ ಇಳಿಯಬೇಡಿ

ಹವಾಯಿಯ ಮಾವಿ ದ್ವೀಪಕ್ಕೆ ಹೊರಟಿದ್ದೀರಾ? ಬಂಡೆಯ ತೂತಿನಿಂದ ಕಡಲ ನೀರು ಕಾರಂಜಿಯ ಹಾಗೆ ಚಿಮ್ಮುವ ನಕಲೇಲೆ ಬ್ಲೋಹೋಲ್ ಖಂಡಿತ ನೋಡಿ. ಆದರೆ ಮೇಲಿನ ದಿಬ್ಬದಿಂದಲೇ ನೋಡಿ.

ಜಾಗವೇನೋ ಅದ್ಭುತ. ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಬಂಡೆಯ ಹಾಸು ಕಡಲಿನವರೆಗೂ ಚಾಚಿದೆ. ಅಲೆಗಳು ಅದರ ಅಡಿಯನ್ನು ಕೊರೆದು ಪೊಳ್ಳು ಮಾಡಿವೆ, ಮೇಲೆ ಒಂದು ತೂತು ಬಿದ್ದಿದೆ. ಅಲೆ ಒಳಗೆ ನುಗ್ಗಿದಾಗ ನೀರಿಗೂ ಗಾಳಿಗೂ ಬೇರೆ ದಾರಿಯಿಲ್ಲ. ಆ ತೂತಿನಿಂದಲೇ ಚಿಮ್ಮಬೇಕು. ಕೆಲವು ಸಲ 100 ಅಡಿವರೆಗೂ ಏರುತ್ತದೆ. ಎಲ್ಲರ ಕಣ್ಣೂ ಏರುವ ನೀರಿನ ಮೇಲೆ. ಅದು ಕೆಳಗೆ ಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ಬಂಡೆ ಮೇಲಿದ್ದದ್ದನ್ನೆಲ್ಲ ಎಳೆದುಕೊಂಡು ವಾಪಸ್ ಅದೇ ತೂತಿಗೆ!

ನಮ್ಮ ಗೈಡ್ “ಏನೂ ಆಗಲ್ಲ, ಹತ್ತಿರ ಹೋದರೇ ಫೋಟೊ ಚೆನ್ನಾಗಿ ಬರೋದು” ಅಂತ ಹುರಿದುಂಬಿಸಿ ಕಳಿಸಿದ. ನನ್ನ ತಮ್ಮ ತೂತಿನಿಂದ ನಾಲ್ಕೈದು ಮಾರು ದೂರದಲ್ಲಿ ನಿಂತಿದ್ದ. ಸುಮಾರು ಹೊತ್ತು ಬರೀ ತುಂತುರು. ಇದ್ದಕ್ಕಿದ್ದಂತೆ ದೊಡ್ಡ ಅಲೆ ಬಂತು. ನೀರು ಅವನ ಮೊಣಕಾಲಿಗೂ ಬಂದಿರಲಿಲ್ಲ, ಆದರೂ ಕಾಲು ನೆಲ ಬಿಟ್ಟಿತು. ಬೋರಲು ಬಿದ್ದವನು ತೂತಿನ ಕಡೆಗೇ ಜಾರತೊಡಗಿದ. ಪಕ್ಕದಲ್ಲಿದ್ದ ಗುರುತು ಪರಿಚಯವಿಲ್ಲದ ಮನುಷ್ಯ ಅವನ ಅಂಗಿ ಹಿಡಿದು ಜಗ್ಗದಿದ್ದರೆ ಏನಾಗುತ್ತಿತ್ತೋ. ಲಾವಾ ಕಲ್ಲು ತುರಿಮಣೆಯ ಹಾಗೆ. ಎರಡೂ ಅಂಗೈಯ ಚರ್ಮ ಎದ್ದುಬಂದಿತ್ತು. ಗಾಯದೊಳಗೆ ಹೊಕ್ಕಿದ್ದ ಕಪ್ಪು ಚೂರುಗಳನ್ನು ಆಸ್ಪತ್ರೆಯಲ್ಲಿ ಚಿಮಟದಿಂದ ಒಂದೊಂದಾಗಿ ತೆಗೆದರು. ಗೈಡ್ ಕೊನೆಗೆ ಹೇಳಿದ್ದು, “ಅಲ್ಲಿ ಎಚ್ಚರಿಕೆ ಬೋರ್ಡ್ ಇದೆ ಅಲ್ವಾ?” ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

2011ರ ಜುಲೈನಲ್ಲಿ ಇದೇ ತೂತಿನೊಳಗೆ ಒಬ್ಬ ಪ್ರವಾಸಿಗ ಸೆಳೆದುಹೋಗಿ ಜೀವ ಕಳೆದುಕೊಂಡ. ಹತ್ತಿರದಲ್ಲೇ ಹೃದಯದ ಆಕಾರದ ತೂತಿರುವ ಬಂಡೆಯೊಂದಿದೆ. ಅದರ ಫೋಟೊಗೆಂದೇ ಜನ ಜಾಸ್ತಿ ಕೆಳಗಿಳಿಯುವುದು.

ಯಾರು ಎಷ್ಟೇ ಧೈರ್ಯ ಹೇಳಲಿ, ಮೊದಲು ಬಂಡೆ ನೋಡಿ. ಒದ್ದೆ ಇದ್ದರೆ ಅಲ್ಲಿವರೆಗೆ ನೀರು ಬಂದಿದೆ ಅಂತಲೇ ಅರ್ಥ, ಮತ್ತೆ ಬರುತ್ತದೆ. ಕಡಲು ಶಾಂತವಾಗಿದೆ ಅಂತ ನಂಬಬೇಡಿ, ದೊಡ್ಡ ಅಲೆಗಳು ಬಿಟ್ಟು ಬಿಟ್ಟು ಗುಂಪಾಗಿ ಬರುತ್ತವೆ. ಚಳಿಗಾಲದಲ್ಲಂತೂ ಉತ್ತರದಿಂದ ಬರುವ ಅಲೆಗಳ ಅಬ್ಬರ ಇನ್ನೂ ಜೋರು. ಅಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ. ಮಕ್ಕಳು ಜೊತೆಗಿದ್ದರೆ ದಿಬ್ಬದ ಮೇಲೂ ಕೈ ಬಿಡಬೇಡಿ, ಅಲ್ಲಿ ಗಾಳಿ ಜೋರಾಗಿ ಬೀಸುತ್ತದೆ.